ಮುರಿದದ್ದನ್ನು ನೋಡಿ ಕಲಿತವರು: ಕೈಗಾದ ಗುಮ್ಮಟ, ಮೈಸೂರಿನ ನೊಣ, ನಮ್ಮ ಸೂಪಾ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರಿಗೆ, ಅಡುಗೆಮನೆಯಲ್ಲಿ ಫೋನನ್ನ ಡಬ್ಬಿಗೆ ಒರಗಿಸಿಟ್ಟು ಕೇಳ್ತಿರೋರಿಗೆ, ನಮ್ಮ ಜೊಯಿಡಾ ಕಡೆ ನೆಟ್‌ವರ್ಕ್ ಸಿಗೋ ಗುಡ್ಡ ಹತ್ತಿ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡೋರಿಗೆ, ಎಲ್ಲರಿಗೂ ಸ್ವಾಗತ.

ಈ ಸಲ ಎರಡು ಚರಿತ್ರೆ ಹೇಳ್ತೀನಿ. ಒಂದು ಸಿಮೆಂಟಿನದು, ಇನ್ನೊಂದು ನೊಣದ್ದು. ಎಲ್ಲಿಯ ಸಿಮೆಂಟು, ಎಲ್ಲಿಯ ನೊಣ ಅಂತ ನಿಮಗನಿಸಬಹುದು. ನನಗೂ ಮೊದಲು ಹಾಗೇ ಅನಿಸಿತ್ತು. ನಾನು ಬಿ.ಕಾಂ. ಓದಿದವಳು. ಪಿಯುಸಿಯಲ್ಲೇ ವಿಜ್ಞಾನಕ್ಕೆ ಕೈಮುಗಿದು ಬಂದವಳು. ಆದ್ರೆ ಕಳೆದ ಬೇಸಿಗೆಯಲ್ಲಿ ಒಂದೇ ವಾರದಲ್ಲಿ ಎರಡು ಘಟನೆ ಆದವು. ಅಲ್ಲಿಂದ ಶುರು ಮಾಡೋಣ.

ನನ್ನ ಗೆಳೆಯ ಒಬ್ಬ ಸಿವಿಲ್ ಡಿಪ್ಲೊಮಾ ಮುಗಿಸಿ ಸೇತುವೆ ಕೆಲಸದ ಸೈಟಿನಲ್ಲಿದ್ದಾನೆ. ಅವನ ಜೊತೆ ಒಂದಿನ ಕಾಂಕ್ರೀಟ್ ಟೆಸ್ಟಿಂಗ್ ಲ್ಯಾಬಿಗೆ ಹೋಗಿದ್ದೆ. ಹದಿನೈದು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಕಾಂಕ್ರೀಟ್ ಕ್ಯೂಬು. ಮೇಲೆ ಪೇಂಟಿನಲ್ಲಿ ತಾರೀಖು. ಮಿಷನ್ ಒಳಗಿಟ್ಟು ಒತ್ತೋಕೆ ಶುರು ಮಾಡಿದ್ರು. ಮೀಟರ್ ಏರ್ತಾ ಹೋಯ್ತು. "ಏ, ಹಿಂದೆ ಸರಿ" ಅಂದ ಗೆಳೆಯ. ಟಪ್ ಅಂತ ಸದ್ದು. ಕ್ಯೂಬು ಒಡೆದೇ ಹೋಯ್ತು. ಅಯ್ಯೋ, ಫೇಲ್ ಆಯ್ತಲ್ಲ ಅಂದೆ. ಅವನು ನಕ್ಕ. "ಒಡೆಯೋಕೇ ತಂದಿದ್ದು ಮಾರಾಯ್ತಿ. ಒಡೆದ್ರೇನೇ ಎಷ್ಟು ಗಟ್ಟಿ ಇತ್ತು ಅಂತ ಗೊತ್ತಾಗೋದು."

ಅದೇ ವಾರ ರಾಮನಗರದ ನಮ್ಮ ಅಜ್ಜಿ ಮನೆಯಲ್ಲಿ ಹಲಸಿನಹಣ್ಣು ಕೊಯ್ದಿಟ್ಟಿದ್ರು. ಅದರ ಮೇಲೆ ಸಣ್ಣ ಸಣ್ಣ ನೊಣ, ಎಳ್ಳಿಗಿಂತ ಚಿಕ್ಕವು, ಕೆಂಪು ಕಣ್ಣು. ಊದಿದ್ರೆ ಹಾರಿ ಮತ್ತೆ ಅಲ್ಲೇ ಬಂದು ಕೂರೋವು. ಇವುಗಳ ಹೆಸರೇನಿರಬಹುದು ಅಂತ ಫೋನಲ್ಲಿ ಹುಡುಕಿದೆ. ಡ್ರೊಸೊಫಿಲಾ. ಹುಡುಕ್ತಾ ಹೋದಂಗೆ ಗೊತ್ತಾಯ್ತು, ಈ ನೊಣದ ಮೇಲೂ ವಿಜ್ಞಾನಿಗಳು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಮಾಡ್ತಿರೋದು ಅದನ್ನೇ. ಏನಾದರೊಂದು ಕೆಡಿಸೋದು, ಏನು ತಪ್ಪಾಯ್ತು ನೋಡೋದು, ಅದರಿಂದ ಸರಿ ಯಾವುದು ಅಂತ ತಿಳಿಯೋದು.

ಮೊದಲು ನೊಣದ ಕತೆ.

1910, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ. ಥಾಮಸ್ ಹಂಟ್ ಮಾರ್ಗನ್ ಅನ್ನೋ ಪ್ರೊಫೆಸರು ಹಾಲಿನ ಬಾಟಲಿಗಳಲ್ಲಿ ಬಾಳೆಹಣ್ಣು ಹಾಕಿ ಈ ನೊಣ ಸಾಕ್ತಿದ್ರು. ಎಲ್ಲಕ್ಕೂ ಕೆಂಪು ಕಣ್ಣು. ಒಂದಿನ ಒಂದು ಗಂಡು ನೊಣಕ್ಕೆ ಬಿಳಿ ಕಣ್ಣು! ಅದರ ಮಕ್ಕಳು, ಮೊಮ್ಮಕ್ಕಳನ್ನ ಎಣಿಸ್ತಾ ಹೋದ ಮಾರ್ಗನ್, ಜೀನು ಅನ್ನೋದು ಕ್ರೋಮೊಸೋಮಿನ ಮೇಲೆ ಕೂತಿದೆ ಅನ್ನೋದಕ್ಕೆ ಗಟ್ಟಿ ಸಾಕ್ಷಿ ಒದಗಿಸಿದ್ರು. ಆ ಜೀನಿಗೆ ಇಟ್ಟ ಹೆಸರು 'ವೈಟ್'. ಇಲ್ಲೊಂದು ಮಜಾ ಇದೆ ನೋಡಿ. ಆ ಜೀನಿನ ಕೆಲಸ ಕಣ್ಣನ್ನ ಕೆಂಪು ಮಾಡೋದು. ಅದು ಕೆಟ್ಟಾಗ ಮಾತ್ರ ಬಿಳಿ ಆಗೋದು. ಅಂದ್ರೆ ಕೆಲಸ ನಿಲ್ಲಿಸಿದಾಗ ಏನಾಗುತ್ತೋ ಅದರ ಮೇಲೆ ಹೆಸರು. ನಮ್ಮ ಆಫೀಸುಗಳಲ್ಲಿ ರಜೆ ಹಾಕಿದಾಗಲೇ ಯಾರ ಕೆಲಸ ಯಾವುದು ಅಂತ ಗೊತ್ತಾಗುತ್ತಲ್ಲ, ಹಾಗೇ.

1915ರಲ್ಲಿ ಮಾರ್ಗನ್ ಅವರ ಶಿಷ್ಯ ಕ್ಯಾಲ್ವಿನ್ ಬ್ರಿಡ್ಜಸ್ 'ಬೈಥೊರ್ಯಾಕ್ಸ್' ಅನ್ನೋ ಇನ್ನೊಂದು ವಿಚಿತ್ರ ನೊಣ ಕಂಡ. ನೊಣಕ್ಕೆ ಇರೋದು ಎರಡೇ ರೆಕ್ಕೆ. ಅದರ ಹಿಂದೆ ಎರಡು ಪುಟ್ಟ ಗುಂಡಿ ಥರದ ಅಂಗ ಇರುತ್ತೆ, ಹಾರುವಾಗ ತೂಕ ಹಿಡಿಯೋಕೆ. ಇಂಗ್ಲಿಷಲ್ಲಿ ಹಾಲ್ಟಿಯರ್ ಅಂತಾರೆ. ಈ ನೊಣದಲ್ಲಿ ಆ ಗುಂಡಿ ರೆಕ್ಕೆಯಾಗೋಕೆ ಹೊರಟಿತ್ತು. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಎಡ್ವರ್ಡ್ ಲೂಯಿಸ್ ದಶಕಗಟ್ಟಲೆ ಇದರ ಹಿಂದೆ ಬಿದ್ದು, ಕೊನೆಗೆ ಪೂರ್ತಿ ನಾಲ್ಕು ರೆಕ್ಕೆಯ ನೊಣವನ್ನೇ ತಳಿ ಮಾಡಿ ತೋರಿಸಿದ್ರು. ಅವರ ದೊಡ್ಡ ಪ್ರಬಂಧ ಬಂದಿದ್ದು 1978ರಲ್ಲಿ. ದೇಹದ ಯಾವ ಭಾಗದಲ್ಲಿ ಯಾವ ಅಂಗ ಅಂತ ಹೇಳೋ ಮೇಲ್ವಿಚಾರಕ ಜೀನುಗಳಿವೆ ಅಂತ ತಿಳಿದಿದ್ದು ಹೀಗೆ. 1980ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಕ್ರಿಸ್ಟಿಯಾನೆ ನುಸ್ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಶಾಸ್ ಕೆಟ್ಟ ಭ್ರೂಣಗಳನ್ನ ಸಾಲುಸಾಲಾಗಿ ನೋಡಿ, ದೇಹವನ್ನ ತುಂಡುತುಂಡಾಗಿ ವಿಂಗಡಿಸೋ ಜೀನುಗಳ ಪಟ್ಟಿ ಕೊಟ್ಟರು. 1995ರಲ್ಲಿ ಮೂವರಿಗೂ ನೊಬೆಲ್.

ನೊಣದ ರೆಕ್ಕೆ ಕಟ್ಟಿಕೊಂಡು ನಮಗೇನು ಅಂತೀರಾ? 'ಐಲೆಸ್' ಅಂತ ಒಂದು ಜೀನು. ಅದು ಕೆಟ್ಟ ನೊಣಕ್ಕೆ ಕಣ್ಣೇ ಬರಲ್ಲ. 1994ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಗೇರಿಂಗ್ ಅವರ ತಂಡ ತೋರಿಸಿತು, ಇದೇ ಜೀನಿನ ದಾಯಾದಿ ಮನುಷ್ಯರಲ್ಲೂ ಇದೆ. ನಮ್ಮಲ್ಲಿ ಅದು ಕೆಟ್ಟರೆ ಹುಟ್ಟುವಾಗಲೇ ಕಣ್ಣಿನ ಬಣ್ಣದ ವರ್ತುಲ ಇರಲ್ಲ. ಹಲಸಿನ ಮೇಲಿನ ನೊಣಕ್ಕೂ ನಮಗೂ ಅಷ್ಟು ಹತ್ತಿರದ ಲೆಕ್ಕ.

ಈ ಕತೆ ಅಮೆರಿಕ, ಜರ್ಮನಿಗೇ ಮುಗಿಯಲ್ಲ. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರ ವಿಭಾಗ ಇದೆ. ಅಲ್ಲೊಂದು ಡ್ರೊಸೊಫಿಲಾ ಸ್ಟಾಕ್ ಸೆಂಟರ್, ಅಂದ್ರೆ ನೊಣಗಳ ಭಂಡಾರ. ಷೇರು ಮಾರ್ಕೆಟ್ಟಿನ ಸ್ಟಾಕ್ ಅಂದ್ಕೊಂಡಿದ್ದೆ ನಾನು! ಬಾಟಲಿಗಳಲ್ಲಿ ತಳಿತಳಿಯ ನೊಣ. ಅವಕ್ಕೆ ಹಾಕೋ ಊಟ ಏನು ಗೊತ್ತಾ? ಗೋಧಿ ರವೆ, ಬೆಲ್ಲ, ಗಟ್ಟಿಯಾಗೋಕೆ ಅಗರ್. ಹೆಚ್ಚೂಕಡಿಮೆ ನಮ್ಮ ಶಿರಾ. ಇಪ್ಪತ್ತೈದು ಡಿಗ್ರಿ ಬೆಚ್ಚಗಿಟ್ಟರೆ ಹತ್ತು ದಿನದಲ್ಲಿ ಮೊಟ್ಟೆಯಿಂದ ಹೊಸ ನೊಣ. ಹೀಗೆ ಬೇಗ ತಲೆಮಾರು ಉರುಳೋದಕ್ಕೇ ವಿಜ್ಞಾನಿಗಳಿಗೆ ಇದು ಇಷ್ಟ.

ಮೈಸೂರಿನವರು ಕಾಡು ಸುತ್ತಿ ಹೊಸ ಜಾತಿಯ ನೊಣ ಹುಡುಕಿದ್ರು. 1970ರಲ್ಲಿ ಹೆಸರು ಪಡೆದ ಒಂದು ಜಾತಿಯ ಹೆಸರೇ ಡ್ರೊಸೊಫಿಲಾ ಮೈಸೂರೆನ್ಸಿಸ್. ಆಮೇಲೆ ಎಚ್. ಎ. ರಂಗನಾಥ್ ಅವರು ಎರಡು ಹತ್ತಿರದ ನೊಣಗಳನ್ನ ಕೂಡಿಸಿದ್ರು. ಒಂದಕ್ಕೆ ಎಂಟು ಕ್ರೋಮೊಸೋಮು, ಇನ್ನೊಂದಕ್ಕೆ ಆರು. ಲೆಕ್ಕ ಕೂಡದ ಈ ಮದುವೆಯ ಸಂತಾನವನ್ನ ತಲೆಮಾರುಗಟ್ಟಲೆ ಸಾಕಿದಾಗ, ಕ್ರೋಮೊಸೋಮುಗಳು ಹೊಸ ಥರ ಜೋಡಿಕೊಂಡ ಹೊಸ ತಳಿಗಳೇ ನಿಂತವು. ಹೊಸ ಜೀವಜಾತಿ ಹೇಗೆ ಹುಟ್ಟುತ್ತೆ ಅನ್ನೋ ಪ್ರಶ್ನೆಯನ್ನ ಬಾಟಲಿಯೊಳಗೆ ನೋಡೋ ದಾರಿ ಅದು.

ಬೆಂಗಳೂರಿನಲ್ಲಿ ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಇದೆ. ಅದನ್ನ ಕಟ್ಟಿದ ಒಬೈದ್ ಸಿದ್ದಿಕಿ, ಅವರ ಜೊತೆ ವೆರೊನಿಕಾ ರಾಡ್ರಿಗಸ್, ವಾಸನೆ ಮತ್ತು ರುಚಿ ಗೊತ್ತಾಗದ ನೊಣಗಳನ್ನ ಹುಡುಕಿದ್ರು. ಯಾವ ಜೀನು ಕೆಟ್ಟಾಗ ವಾಸನೆ ಹೋಯ್ತು ಅಂತ ನೋಡಿ, ಮೂಗಿನಿಂದ ಮಿದುಳಿನ ದಾರಿ ಹಿಡಿದ್ರು. ಕೆ. ವಿಜಯರಾಘವನ್ ನೊಣದ ಸ್ನಾಯು ಹೇಗೆ ಬೆಳೆಯುತ್ತೆ ಅಂತ ಹುಡುಕಿದ್ರು. ಆಗಲೇ ಹೇಳಿದ ಗುಂಡಿ ಯಾಕೆ ರೆಕ್ಕೆ ಆಗಲ್ಲ ಅನ್ನೋದರ ಹಿಂದೆ ಎಲ್. ಎಸ್. ಶಶಿಧರ ಅವರು ಹೈದರಾಬಾದಿನ ಸಿಸಿಎಂಬಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ರು.

ನಮ್ಮ ಅಕೌಂಟ್ಸ್‌ನಲ್ಲಿ 'ಸಸ್ಪೆನ್ಸ್ ಅಕೌಂಟ್' ಅಂತ ಇದೆ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ರೆ ವ್ಯತ್ಯಾಸವನ್ನ ಅಲ್ಲಿ ಬರೆದಿಡ್ತೀವಿ. ತಪ್ಪು ಸಿಕ್ಕೋವರೆಗೂ ಆ ಖಾತೆ ಮುಚ್ಚೋ ಹಾಗಿಲ್ಲ. ಬಿಳಿ ಕಣ್ಣಿನ ನೊಣ ಕಂಡಾಗ ಮಾರ್ಗನ್ ಮಾಡಿದ್ದು ಅದನ್ನೇ ಅಂತ ನನಗನಿಸ್ತು. ಎತ್ತಿ ಎಸೆಯದೆ ಖಾತೆ ತೆರೆದರು.

ಈಗ ಸಿಮೆಂಟಿಗೆ ಬರೋಣ, ನಮ್ಮ ಕಾಳಿ ನದಿಗೂ ಬರೋಣ.

ಸಿಮೆಂಟು ಒಣಗಿ ಗಟ್ಟಿಯಾಗುತ್ತೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಹಾಗಿದ್ರೆ ಗೌಂಡಿಗಳು ಸ್ಲ್ಯಾಬ್ ಹಾಕಿದ ಮೇಲೆ ಗೋಣಿಚೀಲ ಹಾಸಿ ದಿನಾ ನೀರು ಹೊಡೀರಿ ಅಂತ ಯಾಕೆ ಹೇಳ್ತಾರೆ? ಯಾಕಂದ್ರೆ ಸಿಮೆಂಟು ನೀರು ಕುಡಿದು ಗಟ್ಟಿಯಾಗೋ ವಸ್ತು. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ತಗೊಂಡಿದ್ದು 1824ರಲ್ಲಿ. ಅದರೊಳಗೆ ಏನು ನಡೆಯುತ್ತೆ ಅಂತ ಫ್ರಾನ್ಸಿನ ಲ ಶಾತೆಲಿಯೆ 1887ರ ಪ್ರಬಂಧದಲ್ಲಿ ಬಿಡಿಸಿ ಹೇಳಿದ್ರು. ಅಂದ್ರೆ ಅರವತ್ತಮೂರು ವರ್ಷ ಜನ ಒಳಗಿನ ಗುಟ್ಟು ತಿಳಿಯದೆಯೇ ಕಟ್ಟಿದ್ರು. ನೀರು ಸೇರಿದಾಗ ಸಿಮೆಂಟಿನ ಕಣಗಳ ಸುತ್ತ ಒಂದು ಅಂಟು ಬೆಳೆಯುತ್ತೆ. ಜೊತೆಗೆ ಸ್ವಲ್ಪ ಸುಣ್ಣ ಉಳಿಯುತ್ತೆ. ಬಿಸಿಯೂ ಹುಟ್ಟುತ್ತೆ. ಏಳು ದಿನಕ್ಕೆ ಒಂದು ಮಟ್ಟದ ಶಕ್ತಿ, ಇಪ್ಪತ್ತೆಂಟು ದಿನಕ್ಕೆ ಲೆಕ್ಕಕ್ಕೆ ಹಿಡಿಯೋ ಶಕ್ತಿ. ಚೀಲದ ಮೇಲೆ '53 ಗ್ರೇಡ್' ಅಂತ ಬರೆದಿರೋದು ಆ ಇಪ್ಪತ್ತೆಂಟನೇ ದಿನದ ಪರೀಕ್ಷೆಯ ಅಂಕ.

ಆ ಉಳಿದ ಸುಣ್ಣದ ಮೇಲೆ ಕಣ್ಣಿಡಿ, ಮುಂದೆ ಬೇಕಾಗುತ್ತೆ. ಹಳಬರಿಗೆ ಇದರ ಉಪಾಯ ಗೊತ್ತಿತ್ತು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯನ್ನ ಕಟ್ಟಿದ್ದು ಸುರ್ಕಿ ಗಾರೆಯಲ್ಲಿ, ಅಂದ್ರೆ ಸುಣ್ಣದ ಜೊತೆ ಸುಟ್ಟ ಇಟ್ಟಿಗೆಯ ಪುಡಿ. ಇಟ್ಟಿಗೆ ಪುಡಿಯಲ್ಲಿರೋ ಸಿಲಿಕಾ ಸುಣ್ಣದ ಜೊತೆ ಸೇರಿ ಅಂಟಾಗುತ್ತೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರು 'ಅಸ್ತ್ರ' ಅನ್ನೋ ಕೇಂದ್ರ ಶುರು ಮಾಡಿದ್ರು. ಅಲ್ಲಿ ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿನ ಒತ್ತಿಟ್ಟಿಗೆ, ಅಗ್ಗದ ಗಾರೆ ಇವುಗಳ ಮೇಲೆ ಕೆಲಸ ಮಾಡಿದ್ದು ಇದೇ ಹಳೇ ತಿಳಿವಳಿಕೆಯನ್ನ ಪ್ರಯೋಗಶಾಲೆಯಲ್ಲಿ ಅಳೆದು ನೋಡೋದಕ್ಕೆ.

ಈಗ ಕೈಗಾ. ಕಾಳಿ ಹುಟ್ಟೋದು ನಮ್ಮ ಜೊಯಿಡಾ ತಾಲೂಕಿನ ಡಿಗ್ಗಿ ಹತ್ತಿರ. 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರುತ್ತೆ. ಈ ದಾರಿಯಲ್ಲಿ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಂತ ಅಣೆಕಟ್ಟುಗಳು. ಕದ್ರಾ ಹಿನ್ನೀರಿನ ಪಕ್ಕದಲ್ಲೇ ಕೈಗಾ ಅಣುಸ್ಥಾವರ. ಅದು ಬೇಡ ಅಂತ ಜಿಲ್ಲೆಯಲ್ಲಿ ದೊಡ್ಡ ಹೋರಾಟ ನಡೆದಿತ್ತು. ಶಿವರಾಮ ಕಾರಂತರು 1989ರಲ್ಲಿ ಇಲ್ಲಿಂದಲೇ ಲೋಕಸಭೆಗೆ ನಿಂತು ಸೋತರು. ಕೆಲಸ ಮುಂದುವರಿಯಿತು.

1994ರ ಮೇ 13. ಮೊದಲನೇ ಘಟಕದ ರಿಯಾಕ್ಟರ್ ಕಟ್ಟಡ ಇನ್ನೂ ಕಟ್ತಾ ಇದ್ರು. ಇಂಧನ ಹಾಕಿರಲಿಲ್ಲ. ಏನಾದರೂ ಅನಾಹುತ ಆದರೆ ವಿಕಿರಣ ಹೊರಗೆ ಬಾರದಂತೆ ತಡೆಯೋದಕ್ಕೆ ಅಂತಲೇ ಕಟ್ಟಿದ ಒಳಗುಮ್ಮಟ ಅದು. ಅದರ ಒಳಮೈಯ ಪದರು ಕಳಚಿ, ಸುಮಾರು 130 ಟನ್ ಕಾಂಕ್ರೀಟು ಕೆಳಗೆ ಬಿತ್ತು.

ಯಾಕೆ ಬಿತ್ತು? ಗುಮ್ಮಟದ ಕಾಂಕ್ರೀಟಿನ ಒಳಗೆ ಕೊಳವೆಗಳಿರ್ತವೆ. ಅವುಗಳ ಮೂಲಕ ಉಕ್ಕಿನ ಕೇಬಲ್ ಹಾಯಿಸಿ ಬಿಗಿಯಾಗಿ ಎಳೀತಾರೆ, ಕಾಂಕ್ರೀಟು ಬಿರುಕು ಬಿಡದಿರಲಿ ಅಂತ. ಆದ್ರೆ ಗುಮ್ಮಟ ಬಾಗಿದೆ, ಕೇಬಲ್ಲೂ ಬಾಗಿದೆ. ಹುಲ್ಲಿನ ಹೊರೆಗೆ ಹಗ್ಗ ಬಿಗಿದರೆ ಹಗ್ಗ ಒಳಕ್ಕೆ ಒತ್ತುತ್ತಲ್ಲ, ಹಾಗೆ ಕೇಬಲ್ಲು ತನ್ನ ಒಳಬದಿಯ ಕಾಂಕ್ರೀಟನ್ನ ಒಳಕ್ಕೆ ತಳ್ಳುತ್ತೆ. ಆಗ ಒಳಪದರ ಹೊರಪದರದಿಂದ ಬಿಡಿಸಿಕೊಳ್ಳೋಕೆ ನೋಡುತ್ತೆ. ಎರಡನ್ನೂ ಅಡ್ಡಡ್ಡ ಹೊಲಿದು ಹಿಡಿಯೋ ಕಬ್ಬಿಣ ಅಲ್ಲಿ ಸಾಕಷ್ಟು ಇರಲಿಲ್ಲ. ಮೇಲಾಗಿ ಗುಮ್ಮಟದಲ್ಲಿ ದೊಡ್ಡ ತೆರಪುಗಳಿದ್ದು, ಅವುಗಳ ಸುತ್ತ ಕೇಬಲ್ಲಿನ ಕೊಳವೆಗಳು ಒತ್ತೊತ್ತಾಗಿದ್ದವು. ಚೆಕ್‌ಬುಕ್ಕಿನ ಹಾಳೆ ಹರಿಯೋ ಜಾಗದಲ್ಲಿ ಸಾಲಾಗಿ ತೂತು ಇರ್ತವಲ್ಲ, ಅದನ್ನ ನೆನಪಿಸಿಕೊಳ್ಳಿ. ಹರಿಯೋದು ಅಲ್ಲೇ.

ಆಮೇಲೆ ತನಿಖೆ ಆಯ್ತು, ವಿನ್ಯಾಸ ಬದಲಾಯ್ತು. ಪದರುಗಳನ್ನ ಹೊಲಿಯೋ ಕಬ್ಬಿಣ ಸೇರಿತು. ಕಾಂಕ್ರೀಟೂ ಬದಲಾಯ್ತು, ಎಂ60 ದರ್ಜೆಗೆ. ಅಂದ್ರೆ ನನ್ನ ಗೆಳೆಯ ಒಡೆದಂಥ ಒಂದು ಕ್ಯೂಬು ಸುಮಾರು 137 ಟನ್ ಭಾರ ತಾಳಬೇಕು. ಮನೆ ಸ್ಲ್ಯಾಬಿಗೆ ಹಾಕೋ ಎಂ25 ಆದ್ರೆ 57 ಟನ್ ಸಾಕು. ಅದಕ್ಕೆ ಸೇರಿಸಿದ್ದು ಮೈಕ್ರೋಸಿಲಿಕಾ. ಸಿಲಿಕಾನ್ ಕುಲುಮೆಗಳ ಹೊಗೆಯಿಂದ ಹಿಡಿಯೋ ಪುಡಿ ಅದು, ಸಿಮೆಂಟಿಗಿಂತ ನೂರು ಪಟ್ಟು ನುಣುಪು. ಸಿಮೆಂಟಿನಲ್ಲಿ ಉಳಿದ ಆ ಸುಣ್ಣ ನೆನಪಿದೆಯಾ? ಈ ಪುಡಿ ಅದನ್ನ ಹಿಡಿದು ಮತ್ತಷ್ಟು ಅಂಟು ಮಾಡುತ್ತೆ, ಸಣ್ಣ ಸಣ್ಣ ತೂತುಗಳನ್ನೂ ತುಂಬುತ್ತೆ. ಕನ್ನಂಬಾಡಿಯ ಸುರ್ಕಿ ಮಾಡಿದ ಕೆಲಸವೇ, ಇನ್ನೂ ಚುರುಕಾಗಿ.

ಗುಮ್ಮಟ ಕಳಚಿದ ಆರೂವರೆ ವರ್ಷದ ಮೇಲೆ, 2000ದ ನವೆಂಬರಿನಲ್ಲಿ, ಒಂದನೇ ಘಟಕ ವಾಣಿಜ್ಯ ಉತ್ಪಾದನೆ ಶುರು ಮಾಡಿತು. ಮುಂದೆ ಇದೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಹೌದು, ಅದೇ ಮೇ 13! ಗುಮ್ಮಟಕ್ಕೂ ಈ ದಾಖಲೆಗೂ ನೇರ ಸಂಬಂಧ ಇಲ್ಲ, ತಾರೀಖು ಕಾಕತಾಳೀಯ. ಆದ್ರೂ ಆ ಘಟಕದ ಚರಿತ್ರೆ ಹೇಳುವಾಗ 962ನ್ನ ಮಾತ್ರ ಹೇಳಿ 130 ಟನ್ನನ್ನ ಬಿಟ್ಟರೆ ಅರ್ಧ ಲೆಕ್ಕ ಆಗುತ್ತೆ. ಆ ಗುಮ್ಮಟ ಬಿದ್ದದ್ದು ಇಂಧನ ಹಾಕೋ ಮೊದಲು. ಅದು ನಮ್ಮ ಜಿಲ್ಲೆಯ ಪುಣ್ಯ. ಕಲಿಯೋದಕ್ಕೆ ಸಮಯ ಸಿಕ್ಕಿತು.

ಇಷ್ಟೆಲ್ಲ ಓದಿಕೊಂಡು ನಾನು ಭಾರೀ ಖುಷಿಯಲ್ಲಿ ಅಜ್ಜಿ ಹತ್ರ ಹೇಳೋಕೆ ಹೋದೆ. ನಮ್ಮ ಅಜ್ಜಿ ಹಳೇ ಸೂಪಾ ಕಡೆಯವರು. ಕೇಳೋರಲ್ಲಿ ಬೇರೆ ಜಿಲ್ಲೆಯವರಿದ್ರೆ ಹೇಳ್ತೀನಿ, ನಮ್ಮ ತಾಲೂಕಿಗೆ ಮೊದಲು ಸೂಪಾ ಅಂತಲೇ ಹೆಸರು. ಗಣೇಶಗುಡಿಯಲ್ಲಿ ಕಾಳಿಗೆ ಅಡ್ಡ 101 ಮೀಟರ್ ಎತ್ತರದ ಕಾಂಕ್ರೀಟ್ ಅಣೆಕಟ್ಟು ಎದ್ದಿತು. ನೀರು ನಿಂತಿತು. ತಾಲೂಕಿನ ಕೇಂದ್ರವಾಗಿದ್ದ ಸೂಪಾ ಪೇಟೆ, ಸುತ್ತಲ ಹಳ್ಳಿಗಳು ಮುಳುಗಿದವು. ಕಚೇರಿಗಳು ಜೊಯಿಡಾಕ್ಕೆ ಬಂದವು. ತುಂಬಾ ಕುಟುಂಬಗಳು ರಾಮನಗರಕ್ಕೆ ಬಂದವು, ನಮ್ಮದೂ.

ಅಣೆಕಟ್ಟಿನ ಕಾಂಕ್ರೀಟಿನಲ್ಲೂ ಇದೇ ವಿಜ್ಞಾನ ಇದೆ. ಸಿಮೆಂಟು ಬಿಸಿ ಆಗುತ್ತೆ ಅಂದೆನಲ್ಲ, ಅಷ್ಟು ದಪ್ಪದ ಗೋಡೆಯಲ್ಲಿ ಆ ಬಿಸಿ ಹೊರಗೆ ಹೋಗೋದೇ ಕಷ್ಟ. ಹೊರಮೈ ತಣ್ಣಗಾಗಿ ಒಳಗೆ ಬಿಸಿ ಉಳಿದರೆ ಬಿರುಕು. 1930ರ ದಶಕದಲ್ಲಿ ಅಮೆರಿಕದ ಹೂವರ್ ಅಣೆಕಟ್ಟು ಕಟ್ಟುವಾಗ ಕಾಂಕ್ರೀಟಿನೊಳಗೆ ಪೈಪು ಹುಗಿದು ತಣ್ಣೀರು ಹರಿಸಿದ್ರು. ಕಡಿಮೆ ಬಿಸಿಯ ಸಿಮೆಂಟು ಬಂದಿದ್ದು ಇಂಥ ಕೆಲಸಗಳಿಂದ. ಬಿರುಕು ಕಂಡು, ಕಾರಣ ಹುಡುಕಿ, ಮುಂದಿನ ಅಣೆಕಟ್ಟನ್ನ ಸರಿ ಮಾಡೋದು.

ನಾನು ಕ್ಯೂಬು ಒಡೆಯೋದು, ಗುಮ್ಮಟ, ನೊಣ ಎಲ್ಲಾ ಹೇಳಿದೆ. ಮುರಿದದ್ದರಿಂದಲೇ ಎಲ್ಲ ಕಲಿತಿದ್ದು ಅಜ್ಜಿ ಅಂದೆ. ಅಜ್ಜಿ ಹಲಸಿನ ಬೀಜ ಬಿಡಿಸ್ತಾ ಕೂತಿದ್ರು. ತಲೆ ಎತ್ತದೆ ಹೇಳಿದ್ರು: "ನಿಮ್ಮ ಸಿಮೆಂಟಿನ ಕಲ್ಲು ಒಡೆದ್ರೆ ಇನ್ನೊಂದು ಮಾಡ್ತಾರೆ ಮಗಾ. ನೊಣ ಸತ್ರೆ ಬಾಟ್ಲಿಯಲ್ಲಿ ಇನ್ನೊಂದು ಹುಟ್ತದೆ. ಸೂಪಾ ಇನ್ನೊಂದು ಮಾಡ್ಲಿಕ್ಕೆ ಬರ್ತದಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದ್ರು: "ನಮ್ಮಿಂದ ಏನು ಕಲ್ತ್ರು?"

ಆ ರಾತ್ರಿ ಹುಡುಕಿದೆ. ಸೂಪಾ ಮುಳುಗಿದ ಕಾಲದಲ್ಲಿ ದೇಶದಲ್ಲಿ ಜಾರಿಯಲ್ಲಿದ್ದದ್ದು ಬ್ರಿಟಿಷರ 1894ರ ಭೂಸ್ವಾಧೀನ ಕಾಯ್ದೆ. ಜಮೀನಿಗೆ ದುಡ್ಡು ಲೆಕ್ಕ ಹಾಕೋ ಕಾಯ್ದೆ ಅದು. ಜನ ಎಲ್ಲಿ ಹೋಗಬೇಕು, ಹೇಗೆ ಬದುಕಬೇಕು ಅನ್ನೋದಕ್ಕೆ ಅದರಲ್ಲಿ ಜಾಗ ಇರಲಿಲ್ಲ. ಅದು ಬದಲಾಗಿದ್ದು 2013ರಲ್ಲಿ, 119 ವರ್ಷದ ಮೇಲೆ. ಹೊಸ ಕಾಯ್ದೆಯಲ್ಲಿ ಜಮೀನು ತಗೊಳ್ಳೋ ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು, ಪುನರ್ವಸತಿ ಕಾನೂನಿನ ಹಕ್ಕು. ದೇಶದುದ್ದಕ್ಕೂ ಅಣೆಕಟ್ಟು, ಗಣಿ, ಕಾರ್ಖಾನೆಗಳಿಗೆ ಮನೆ ಬಿಟ್ಟವರ ದಶಕಗಳ ಕೂಗು ಅದರ ಹಿಂದಿದೆ. ಸೂಪಾದವರು ಆ ಲೆಕ್ಕದ ಒಂದು ಸಾಲು. ಮರುದಿನ ಅಜ್ಜಿಗೆ ಇದನ್ನ ಹೇಳಿದೆ. "ಹೌದಾ" ಅಂದ್ರು ಅಷ್ಟೇ. ಆಮೇಲೆ, "ಬರೆದಿಟ್ರೆ ಸಾಲದು, ಓದಬೇಕಲ್ಲ" ಅಂದ್ರು.

ಪ್ರಯೋಗಶಾಲೆಯಲ್ಲಿ ಒಡೆದ ಕ್ಯೂಬಿನ ಮೇಲೆ ತಾರೀಖು ಇರುತ್ತೆ. ಎಷ್ಟು ಭಾರಕ್ಕೆ ಒಡೀತು ಅಂತ ರಿಜಿಸ್ಟರಿನಲ್ಲಿ ಬರೀತಾರೆ. ಮೈಸೂರಿನ ಪ್ರತಿ ನೊಣದ ಬಾಟಲಿಗೂ ಚೀಟಿ ಇರುತ್ತೆ. ಕೈಗಾದ ಗುಮ್ಮಟಕ್ಕೆ ತನಿಖೆ ಆಯ್ತು. ನಮ್ಮ ಅಜ್ಜಿಯಂಥವರ ಮನೆ, ಗದ್ದೆ, ಮಾವಿನ ಮರ, ದೇವರ ಬನ, ಅಕ್ಕಪಕ್ಕದ ಮನೆಯವರು ಯಾವ ಕಡೆ ಚದುರಿದ್ರು ಅನ್ನೋದನ್ನ ನಮ್ಮ ಮನೆಯಲ್ಲೂ ಯಾರೂ ಬರೆದಿಟ್ಟಿರಲಿಲ್ಲ. ನಾನೇ ಬರೆದಿರಲಿಲ್ಲ. ಆ ಸಸ್ಪೆನ್ಸ್ ಅಕೌಂಟು ಹಾಗೇ ಉಳಿದಿದೆ.

ಹಾಗಾಗಿ ಈಗ ವಾರಕ್ಕೊಮ್ಮೆ ಫೋನ್ ರೆಕಾರ್ಡಿಂಗ್ ಆನ್ ಮಾಡಿಟ್ಟು ಅಜ್ಜಿ ಹತ್ರ ಕೂರ್ತೀನಿ. ಹಳೇ ಸೂಪಾದ ಪೇಟೆಬೀದಿಯಲ್ಲಿ ಯಾವ ಅಂಗಡಿ ಆದ ಮೇಲೆ ಯಾವ ಅಂಗಡಿ ಅಂತ ಹೇಳ್ತಾರೆ, ನಾನು ನಕ್ಷೆ ಬರೀತೀನಿ. ಈವರೆಗೆ ಹನ್ನೊಂದು ಮನೆ ಆಗಿದೆ. ಹನ್ನೆರಡನೇದರ ಹತ್ರ ಅವರಿಗೆ ನೆನಪು ತಪ್ಪುತ್ತೆ. ನಿಮ್ಮ ಮನೆಯಲ್ಲೂ ಹಳೇ ಸೂಪಾದವರು ಇದ್ರೆ ಇವತ್ತೇ ಕೇಳಿ. ಕೇಳಿದ್ದನ್ನ ತಾರೀಖು ಹಾಕಿ ಇಟ್ಕೊಳ್ಳಿ.

ಇವತ್ತಿಗೆ ಇಷ್ಟು. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿವರೆಗೆ, ಮನೆಗೆ ಸ್ಲ್ಯಾಬ್ ಹಾಕಿಸ್ತಿದ್ರೆ ನೀರು ಹೊಡೆಯೋದು ಮರೀಬೇಡಿ. ನಮಸ್ಕಾರ.